ಎಣ್ಣೆಯಲ್ಲಿ ಪೆಟ್ರೋಲ್

ರೀ,

ನೀವು ತೀರಿಕೊಂಡ ಮೇಲೆ ಇವತ್ತೇ ಮೊದಲು ನಿಮ್ಮ ಕಾರು ಹೊರಗೆ ತೆಗೆದೆ. ಮಾರುವ ಮುಂಚೆ ತೋರಿಸೋಣ ಅಂತ ಇಲ್ಲೇ ಸೆಲ್ಲಿ ಓಕ್ ಬಡಾವಣೆಯ ಮುರುಗೇಶನ ಗ್ಯಾರೇಜಿಗೆ ಒಯ್ದಿದ್ದೆ. ಅವನು ಇಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ಮೂಸಿದ. ನನ್ನ ಮೂಗಿಗೂ ಹಿಡಿದ. ಪೆಟ್ರೋಲ್ ಘಾಟು.

"ಎಲ್ಲೂ ಸೋರಿಕೆ ಇಲ್ಲ ಅಕ್ಕಾ. ಈ ರೋಟರಿ ಇಂಜಿನ್ ಬಿಸಿಯಾಗೋ ಮೊದಲೇ ದಿನಾ ಆಫ್ ಮಾಡಿದ್ರೆ ಪೆಟ್ರೋಲ್ ಎಣ್ಣೆಗೆ ಇಳಿಯುತ್ತೆ. ಅಣ್ಣ ಇಲ್ಲೇ ಹತ್ತಿರದಲ್ಲಿ ಓಡಾಡ್ತಿದ್ರಾ?"

"ಹೂಂ," ಅಂದುಬಿಟ್ಟೆ.

ನೀವು ದಿನಾ ಮ್ಯಾಕಲ್ಸ್‌ಫೀಲ್ಡಿಗೆ ಕೆಲಸಕ್ಕೆ ಹೋಗುತ್ತೀರಿ, ಮೋಟರ್‌ವೇ ಮೇಲೆ ಅಷ್ಟು ದೂರ, ಅಂತಲೇ ನಂಬಿದ್ದೆ. ಕೆಲಸ ಹೋಗಿತ್ತಾ? ಇಲ್ಲೇ ಯಾರ ಮನೆಗಾದರೂ ಹೋಗುತ್ತಿದ್ದಿರಾ?

ಸಂಜೆ ಬಾಗಿಲು ತೆಗೆದಾಗ, "ಟ್ರಾಫಿಕ್ ಇತ್ತಾ?" ಅಂತ ಕೇಳುತ್ತಿದ್ದೆ. "ವಿಪರೀತ," ಅನ್ನುತ್ತಿದ್ದಿರಿ. ನಾನು ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಿದ್ದೆ.

ಮಹಾದೇವಿ