ಆರಡಿ ಬತ್ತಿ

1967 ಡಿಸೆಂಬರ್ 4, ಸಂಜೆ

ಎಂದಿನಂತೆ ಖಣಿಯಲ್ಲಿ ಒಂದು ಬಾರು, ಬಂಡೆಯ ತೂತಿಗೆ ಮದ್ದು ತುಂಬಿದೆ. ಮಧ್ಯಾಹ್ನ ಹನ್ನೆರಡಕ್ಕೆ, ಮಂದಿ ದೂರ ಸರಿಯಲೆಂದು ಮೂರು ಸಲ ಭೋಂಗಾ ಊದಿದೆ, ಬತ್ತಿ ಹಚ್ಚಿದೆ. ಬಂಡೆ ಚೆನ್ನಾಗಿ ಸೀಳಿತು. ಆಮೇಲೆ ಟೇಪು ಹಿಡಿದು ಅಳೆದೆ — ಗುಂಡಿಯಿಂದ ಮರೆಗೋಡೆಗೆ ಇನ್ನೂರು ಮೀಟರಿಗೆ ಮೂರೇ ಕಮ್ಮಿ. ಸೇಡಂ ಕ್ರೀಡಾಕೂಟದ ಓಟವೂ ಇನ್ನೂರೇ. ಹೋದ ವರ್ಷ ನಾಲ್ಕನೆಯವನಾದೆ, ಮೂವತ್ಮೂರು ಸೆಕೆಂಡು. ಗೆದ್ದವ ಡ್ರಿಲ್ ಮಾಸ್ತರ. ಹೊಟ್ಟೆ ಬೇರೆ ಇದೆ ಅವನಿಗೆ. ಆ ಹೊಟ್ಟೆಯ ಹಿಂದೆ ಓಡಿದ ನಾಚಿಕೆ ಇನ್ನೂ ಇಳಿದಿಲ್ಲ.

ಇನ್ನು ದಿನಾ ಬತ್ತಿ ಹಚ್ಚಿ ಓಡುವುದೆಂದು ನಿಶ್ಚಯಿಸಿದೆ. ಕೆಲಸ ಕಲಿಸಿದ ಮಜೀದಸಾಬರು ಗೋಡೆಯ ಹಿಂದೆ ಕೂತು ನಕ್ಕರು.

"ಬತ್ತಿ ಹಚ್ಚಿದ ಮ್ಯಾಲ ನಡೀಬೇಕೋ ಸೂರ್ಯಾ. ಓಡಾಂವ ಎಡವ್ತಾನ."

ಆರಡಿ ಬತ್ತಿ, ಅಡಿಗೆ ಮೂವತ್ತು ಸೆಕೆಂಡು, ಒಟ್ಟು ಮೂರು ನಿಮಿಷ. ಅಷ್ಟರಲ್ಲಿ ಮಜೀದ ಚಾಚಾ ಆರಾಮಾಗಿ ನಡೆದುಬಂದು ಎಲೆ ಮಡಚುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೀಗೇ.

ಡಿಸೆಂಬರ್ 16

ಕೈಗಡಿಯಾರದಲ್ಲಿ ಮತ್ತೆ ಮೂವತ್ಮೂರು ಸೆಕೆಂಡು. ಎಷ್ಟು ಎದೆ ಒಡೆದುಕೊಂಡರೂ ಅಷ್ಟೇ. ಮೂರು ನಿಮಿಷ ಇದೆಯೆಂದು ಕಾಲಿಗೆ ಗೊತ್ತು. ಹಿಂದೆ ನಾಯಿ ಬಿದ್ದರಲ್ಲವೇ ಓಟ? ಬತ್ತಿ ಗಿಡ್ಡ ಮಾಡುವಂತಿಲ್ಲ. ಖಣಿಯ ಉಸ್ತುವಾರಿ ನೋಡುವ ಮುಕಾದಮ ದೇವಿಂದ್ರಪ್ಪ ಒಂದೊಂದನ್ನೂ ಅಳೆದು ನೋಡುತ್ತಾನೆ.

ಡಿಸೆಂಬರ್ 30

ಚಾಚಾ ಗುಂಡಿಯ ಮೆಟ್ಟಿಲಲ್ಲಿ ಜಾರಿದರು. ಮೊಣಕಾಲು ಊದಿ ಕುಂಬಳಕಾಯಿ ಆಗಿದೆ. ಒಂದೂವರೆ ತಿಂಗಳು ಏಳುವಂತಿಲ್ಲವಂತೆ. ಬಾರು ಇನ್ನು ನನ್ನೊಬ್ಬನದೇ.

1968 ಜನವರಿ 8, ಸಂಜೆ

ಬತ್ತಿಯ ಹೊಸ ಸುರುಳಿ ಬಂತು. ಹೊಸ ಸುರುಳಿಯಿಂದ ಒಂದಡಿ ಕತ್ತರಿಸಿ ಸುಟ್ಟು, ಎಷ್ಟು ಸೆಕೆಂಡು ಹಿಡಿಯಿತೆಂದು ಚೀಟಿ ಬರೆದು ಕಟ್ಟಬೇಕು. ಅದು ಬಾರು ಹಾರಿಸುವವನ ಕೆಲಸ. ಉಳಿದವರು ಚೀಟಿ ಮಾತ್ರ ನೋಡುತ್ತಾರೆ.

ಸುಟ್ಟೆ. ಎಂಟು ಸೆಕೆಂಡು.

ಇನ್ನೊಂದಡಿ ಸುಟ್ಟೆ. ಎಂಟೇ. ಸುರುಳಿ ಕೆಟ್ಟಿದೆ. ಮುಕಾದಮನಿಗೆ ಹೇಳಿ ಪೂರ್ತಿ ಸುಟ್ಟುಹಾಕಬೇಕು, ಅದೇ ಕಾನೂನು. ಎದ್ದೆ. ಮತ್ತೆ ಕೂತೆ. ಆರೆಂಟಲ ನಲವತ್ತೆಂಟು... ನಲವತ್ತೆಂಟು ಸೆಕೆಂಡಿನಲ್ಲಿ ನಾನು ಗೋಡೆ ಮುಟ್ಟಬಲ್ಲೆ.

ಚೀಟಿಯಲ್ಲಿ 30 ಎಂದು ಬರೆದೆ. ಸಹಿ ಹಾಕಿದೆ.

ಜನವರಿ 9

ಇಂಥ ಓಟ ಜನ್ಮದಲ್ಲಿ ಓಡಿಲ್ಲ. ಗೋಡೆ ದಾಟಿ ಬೋರಲು ಬಿದ್ದೆ. ಹತ್ತು ಉಸಿರು ಎಳೆಯುವಷ್ಟರಲ್ಲಿ ಬಾರು. ಮೂವತ್ತೊಂದು. ಬಿದ್ದಲ್ಲೇ ನಗು ಬರುತ್ತಿತ್ತು.

ಜನವರಿ 19

ಮೂವತ್ತು. ಮುಕಾದಮ ಕೇಳಿದ, "ಈಗೀಗ ಬಾರು ಲಗೂನ ಹಾರಾಕತ್ತದಲ್ಲೋ?"

"ನಾ ಓಡ್ತೀನಲ್ರಿ, ನಿಮಗ ಹಂಗ ಅನಸ್ತದ."

ಚೀಟಿ ತಿರುಗಿಸಿ ನೋಡಿದ. ನನ್ನ ಸಹಿ ನೋಡಿ ಸುರುಳಿ ಪೆಟ್ಟಿಗೆಗೆ ಹಾಕಿದ. ರಾತ್ರಿ ಅರ್ಧ ಊಟಕ್ಕೇ ಎದ್ದೆ. ಏನಾಯಿತೆಂದು ಭಾಗಮ್ಮ ಎರಡು ಸಲ ಕೇಳಿದಳು. ಹೆಂಡತಿಗೂ ಹೇಳಲಾರದ ಮಾತಾಯಿತು ಇದು.

ಫೆಬ್ರವರಿ 4

ಚಾಚಾನ ಮನೆಗೆ ಹೋಗಿದ್ದೆ. ಕೋಲೂರಿ ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಮೊಣಕಾಲು ಮಡಚುವುದಿಲ್ಲ. ಜಾನಬಿ ಚಾಚಿ ಚಹಾ ಕೊಟ್ಟರು. ಸುರುಳಿಯ ವಿಷಯ ಹೇಳಿಬಿಡಬೇಕೆಂದೇ ಹೋದದ್ದು.

"ಹೊಸಾ ಸುರುಳಿ ಹ್ಯಾಂಗದ?" ಅವರೇ ಕೇಳಿದರು.

"ನೀವೇ ಒಮ್ಮೆ ಸುಟ್ಟು ನೋಡ್ರಿ ಚಾಚಾ."

"ಯಾಕ? ನೀ ಚೀಟಿ ಬರದಿ ಅಂದ್ರ ಮುಗೀತು. ನನ್ನ ಕೈಯಾಗ ಕಲತಾಂವ ನೀ."

ಚಹಾ ಕುಡಿದು ಬಂದೆ. ಹೇಡಿ ನಾನು.

ಫೆಬ್ರವರಿ 9, ಸಂಜೆ

ಇಪ್ಪತ್ತೊಂಬತ್ತು! ನಾಳೆ ಸೇಡಂ. ರಜೆ ಸಿಕ್ಕಿದೆ. ನಾನಿಲ್ಲದಿದ್ದರೆ ಬಾರು ಹಾರಿಸುವವರಿಲ್ಲ, ನಾಳೆ ಬಾರು ಬಂದ್ ಎಂದ ಮುಕಾದಮ. ಸುರುಳಿ ಪೆಟ್ಟಿಗೆಯಲ್ಲೇ ಇದೆ. ಇನ್ನೊಂದು ಹತ್ತು ಅಡಿ ಉಳಿದಿರಬಹುದು. ಸೋಮವಾರ ಮೊದಲ ಕೆಲಸ ಅದನ್ನು ಸುಡುವುದು.

ಫೆಬ್ರವರಿ 10, 11.25, ಸೇಡಂ ಪೋಸ್ಟ್ ಆಫೀಸು

ಮೊದಲ ಸುತ್ತಿನಲ್ಲಿ ಡ್ರಿಲ್ ಮಾಸ್ತರನಿಗಿಂತ ಮುಂದೆ ಬಂದೆ. ಫೈನಲ್‌ಗೆ ಕಾಯುತ್ತಿದ್ದೆ. ನಮ್ಮ ಖಣಿಯ ಕಲ್ಲುಕುಟಿಗ ನಾಮದೇವ ಬೆಳಗಿನ ರೈಲಿಗೆ ನೋಡಲು ಬಂದಿದ್ದ. ಬೆನ್ನು ತಟ್ಟಿದ.

"ಚಿಂತಿಲ್ದೆ ಓಡು. ಬಾರು ನಿಂತ್ರ ಮಂದಿ ಸೂರ್ಯಾಗ ಬೈತಾರ ಅಂತ ಮಜೀದಸಾಬ್ರು ತಾವಾಗೇ ಬಂದಾರ. ಕೋಲ ಊರ್ಕೋತ."

ಮೈದಾನದಿಂದ ಇಲ್ಲಿಗೆ ಓಡಿದೆ. ಎಷ್ಟು ಸೆಕೆಂಡೋ.

ಖಣಿಯಲ್ಲಿ ಫೋನಿಲ್ಲ. ಶಹಾಬಾದಿನ ಊರಂಚಿಗೆ ಮಾಲಕರ ಅಂಗಡಿಯಲ್ಲಿದೆ. ಅಲ್ಲಿಂದ ಖಣಿಗೆ ಸೈಕಲ್ ಮೇಲೆ ಹತ್ತು ನಿಮಿಷ. ಟ್ರಂಕ್‌ಕಾಲ್ ಬುಕ್ ಮಾಡಿದೆ. "ಲೈನ್ ಖಾಲಿ ಇಲ್ಲ, ಕುಂದ್ರಿ" ಎಂದರು ಪೋಸ್ಟ್ ಮಾಸ್ತರರು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

11.38

ಮೈದಾನದ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಎರಡು ಸಲ. ಆಮೇಲೆ ಕೂಗಲಿಲ್ಲ.

11.46

ವಾಡಿ ಎಕ್ಸ್‌ಚೇಂಜ್ ಸಿಕ್ಕಿತು. ಶಹಾಬಾದ್ ಸಿಗುತ್ತಿಲ್ಲ. ಪೆಟ್ಟಿಗೆಯಲ್ಲಿ ಇರುವುದು ಅದೊಂದೇ ಸುರುಳಿ. ಚಾಚಾ ಚೀಟಿ ನೋಡುತ್ತಾರೆ. ನನ್ನ ಅಕ್ಷರ ನೋಡಿ ಆರಡಿ ಕತ್ತರಿಸುತ್ತಾರೆ. ಹಚ್ಚಿ, ನಡೆಯುತ್ತಾರೆ.

11.55

ಸಿಕ್ಕಿತು. ಅಂಗಡಿಯ ಗುಮಾಸ್ತರಿಗೆ ಕಿರುಚಿ ಹೇಳಿದೆ. ರಿಸೀವರ್ ಮೇಜಿನ ಮೇಲಿಟ್ಟು ಸೈಕಲ್ ಹತ್ತಿದರು. ನಾನು ಕಿವಿಗೆ ಹಿಡಿದೇ ಕೂತಿದ್ದೇನೆ. ಅಂಗಡಿಗೆ ಖಣಿಯ ಭೋಂಗಾ ಕೇಳಿಸುತ್ತದೆ. ಒಂದು ದಿನ ಬಾರು ತಡವಾಗಲಿ, ಒಂದೇ ದಿನ. ಹತ್ತು ನಿಮಿಷ ಬೇಕು ಸೈಕಲ್ಲಿಗೆ.

ಭೋಂಗಾ.

ಎರಡು.

ಮೂರು. ಈಗ ಕಡ್ಡಿ ಗೀರುತ್ತಾರೆ. ಈಗ ಕೋಲು ಎತ್ತಿಕೊಳ್ಳುತ್ತಾರೆ. ಓಡ್ರಿ ಚಾಚಾ. ಇವತ್ತೊಂದು ದಿನ ಓಡ್ರಿ.

ಎಂಟು. ಹದಿನಾರು. ಇಪ್ಪತ್ನಾಲ್ಕು. ಮೂವತ್ತೆರಡು. ನಲವತ್ತು —