ಬಿಚ್ಚಲು ಬಾರದ ಅಂಟು

ಅಘನಾಶಿನಿಯ ಹೊಸ ಅಳಿವೆ,
ಕ್ರಿ.ಶ. ೨೩೧೭, ಹದಿಮೂರನೆಯ ತಿಂಗಳ ನಾಲ್ಕನೇ ದಿನ.

ನಮಗಿಂತ ಹಿಂದಿನವರಿಗೆ ಅಂಬಿಗರ ಮಾದೇವಿ ಮಾಡುವ ನಮಸ್ಕಾರ.

ಹದಿಮೂರನೆಯ ತಿಂಗಳು ಅಂದದ್ದಕ್ಕೆ ನಗಬೇಡಿ. ನಾನು ಶಾಲೆಗೆ ಹೋದದ್ದು ಊರಿಗೆ ನುಗ್ಗಿದ ಕಡಲ ನೀರು ಇಳಿದಿದ್ದ ಮೂರು ವರ್ಷ ಮಾತ್ರ, ಹಾಗಾಗಿ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ಈ ಪತ್ರ ಹಿನ್ನಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ, ಬರುತ್ತಿದೆ. ಸರಿಯಾದ ಮನೆಗೆ ತಲುಪುತ್ತದೋ ಇಲ್ಲವೋ ಎಂಬ ಚಿಂತೆ ಈಗಲೇ ಹತ್ತಿದೆ.

ಹದಿಮೂರನೆಯದು ನಮ್ಮ ಬಿಚ್ಚುದಿಂಗಳು. ಆಗ ಊರಿನವರೆಲ್ಲ ದೋಣಿಯ ಹೊಲಿಗೆ ಬಿಚ್ಚಿ, ಹಲಗೆಗಳನ್ನು ಬಿಸಿಲಿಗೆ ಹಾಕಿ, ಹುಳು ಹಿಡಿದದ್ದನ್ನು ತೆಗೆದು, ತೆಂಗಿನ ನಾರಿನ ಹುರಿಯಿಂದ ಮತ್ತೆ ಹೊಲಿಯುತ್ತಾರೆ. ಹೊಲಿಗೆಯ ತೂತಿನಲ್ಲಿ ನೀರು ಜಿನುಗುತ್ತದೆಂಬ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು. ನನ್ನದು ಹೆರಿಗೆ ದೋಣಿ. ಬಸುರಿಯರನ್ನು ಆಚೆ ಗುಡ್ಡದ ಸೂಲಗಿತ್ತಿಯರ ಹತ್ತಿರ ದಾಟಿಸುವಂಥದ್ದು. ಅದಕ್ಕೇ ಹೋದ ವರ್ಷ ನಿಮ್ಮ ಕಾಲದ ಕಾಗದವೊಂದನ್ನು ನೋಡಿ ಜೋಡಂಟು ಮಾಡಿದೆ. ಗೇರುಸಿಪ್ಪೆಯ ಎಣ್ಣೆಯಿಂದ ಮಾಡುವ ಎರಡು ರಸಗಳು ಅವು. ಬೇರೆ ಇದ್ದಾಗ ನೀರಿನ ಹಾಗೆ, ಬೆರೆಸಿದರೆ ಕಲ್ಲಿನ ಹಾಗೆ. ಅದರಲ್ಲಿ ಇಡೀ ದೋಣಿಯನ್ನೇ ಅಂಟಿಸಿಬಿಟ್ಟೆ. ಒಂದು ಹನಿ ನೀರು ಒಳಗೆ ಬರಲಿಲ್ಲ.

ಈಗ ಬಿಚ್ಚುದಿಂಗಳು ಬಂದಿದೆ, ನನ್ನ ದೋಣಿ ಮಾತ್ರ ಬಿಚ್ಚುವುದಿಲ್ಲ. ಎಡಗಡೆಯ ಮೂರನೇ ಹಲಗೆಗೆ ಹುಳು ಹೊಕ್ಕಿದೆ, ಕಿವಿಯಿಟ್ಟರೆ ಸಣ್ಣಗೆ ಸದ್ದು ಕೇಳುತ್ತದೆ. ಬೀರತ್ತೆ, ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಹೊಲಿಗೆಯವಳು, ಬಂದು ತಟ್ಟಿ ನೋಡಿ, “ಎಂತದೇ ಮಾದೇವಿ, ದೋಣಿ ಕಟ್ಟಿದ್ಯನೇ, ಗಡಿಗೆ ಮಾಡಿದ್ಯನೇ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ತಂಗಿಯ ಮಗಳು ಬಸುರಿ ನಾಗಿಗೆ ಒಂಬತ್ತು ತಿಂಗಳು ತುಂಬಿದೆ, ಈ ವಾರದಲ್ಲೇ ದಾಟಿಸಬೇಕು, ಉಳಿದ ದೋಣಿಗಳೆಲ್ಲ ಹಲಗೆಗಳಾಗಿ ಬಿಸಿಲಲ್ಲಿ ಬಿದ್ದಿವೆ.

ನಿನ್ನೆ ಉಳಿ ಹಾಕಿದೆ. ಅಂಟು ಬಿಡಲಿಲ್ಲ, ಮರವೇ ಸೀಳಿತು. ಕೊನೆಗೆ ಆ ಹಲಗೆಯನ್ನೇ ಕತ್ತರಿಸಿ ತೆಗೆದು, ಹೊಸದನ್ನು ಬೀರತ್ತೆಯ ಕೈಯಲ್ಲಿ ಹುರಿಯಿಂದ ಹೊಲಿಸಿ, ಸಂದಿಗೆ ರಾಳ ತುಂಬಿದ್ದೇವೆ. ಸುತ್ತ ಅಂಟು, ನಡುವೆ ಹೊಲಿಗೆ. ಇಂಥ ದೋಣಿಯನ್ನು ಯಾರೂ ನೋಡಿಲ್ಲ. ನೀರಿಗಿಳಿದ ಮೇಲೆ ಹೊಲಿದ ಹಲಗೆ ಉಬ್ಬುತ್ತದೆ, ಅಂಟಿದ್ದು ಜಗ್ಗುವುದಿಲ್ಲ. ಆಗ ಎರಡರಲ್ಲಿ ಯಾವುದು ಸೋಲುತ್ತದೆ? ನೀವು ಹೀಗೆ ಬೆರೆಸಿ ಕಟ್ಟಿದ್ದುಂಟೇ? ಎಲ್ಲಿ ಅಂಟು, ಎಲ್ಲಿ ಹೊಲಿಗೆ ಎಂದು ಹೇಗೆ ತೀರ್ಮಾನಿಸುತ್ತಿದ್ದಿರಿ? ನಿಮ್ಮ ಕಾಗದದಲ್ಲಿ ಹಲಗೆ ಉಜ್ಜುವುದು, ರಸ ಬೆರೆಸುವುದು, ಬಿಗಿಯುವುದು ಎಲ್ಲ ಇದೆ. ಬಿಚ್ಚುವುದು ಹೇಗೆಂದು ಒಂದು ಸಾಲೂ ಇಲ್ಲ. ದಯವಿಟ್ಟು ಅದನ್ನೂ ಬರೆದು ನೀರು ತಾಗದ ಒಣ ಜಾಗದಲ್ಲಿಡಿ. ನಿಮಗೆ ಹಿನ್ನಂಚೆ ಬೇಡ, ಕಾಲವೇ ಇತ್ತ ತಂದು ಮುಟ್ಟಿಸುತ್ತದೆ.

ನಾಗಿಗೆ ಎಲ್ಲ ಹೇಳಿದೆ, ಬೇಡವಾದರೆ ಬೇಡ ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು ದೋಣಿ ಹತ್ತಿ, “ದೊಡ್ಡವ್ವಾ, ಆ ಹೊಲಿಗೆ ಹತ್ರ ನೀನೇ ಕೂತ್ಕ. ನೀರು ಬಂದ್ರೆ ಮೊದ್ಲು ನಿನ್ನ ಸೀರೆ ನೆನೀಲಿ” ಅಂದಳು. ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಬೀರತ್ತೆ ದೋಣಿ ನೂಕುತ್ತಿದ್ದಾಳೆ. ಹೋಗಿ ಬರುತ್ತೇವೆ.