ಐವತ್ತರ ಲೆನ್ಸೋ, ನೂರರದೋ

ಹೊನ್ನಾಳಿ
೧೮-೧೧-೧೯೮೪

ಮನೆಯವರಿಗೆ ಕಸ್ತೂರಿಯ ಶರಣು ಶರಣಾರ್ಥಿ.

ನಿಮ್ಮ ಕಾರ್ಡು ಸೋಮವಾರ ತಲುಪಿತು. ನೀವು ಜಗಳೂರಿಗೆ ಹೋದ ಮೂರು ವರ್ಷದಲ್ಲಿ ಇದು ಎರಡನೆಯದು. ಮೊದಲನೆಯದರಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಕಳಿಸು ಎಂದಿದ್ದಿರಿ, ಇದರಲ್ಲಿ ಲೆನ್ಸ್ ಯಾವುದು ಕೊಳ್ಳಲಿ ಎಂದು ಕೇಳಿದ್ದೀರಿ. ಹೆಂಡತಿ ಹೇಗಿದ್ದಾಳೆ ಎಂದು ಕೇಳಲು ಕಾರ್ಡಿನಲ್ಲಿ ಜಾಗ ಸಾಲಲಿಲ್ಲವೇನೋ. ಇರಲಿ. ನಾನು ಚೆನ್ನಾಗಿದ್ದೇನೆ. ಅತ್ತೆಯವರ ಕಣ್ಣಿನ ಪೊರೆ ತೆಗೆಸಿದ್ದಾಯಿತು, ಈಗ ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ನನ್ನನ್ನೇ ಕರೆದು ತೋರಿಸುತ್ತಾರೆ. ಸ್ಟುಡಿಯೋ ನಡೆಯುತ್ತಿದೆ. ಹೆಂಗಸು ಕ್ಯಾಮೆರಾ ಹಿಡಿದರೆ ಕೆಟ್ಟಿತು ಎನ್ನುತ್ತಿದ್ದವರೇ ಈಗ ಗಂಡಿನ ಕಡೆಗೆ ಕಳಿಸುವ ಫೋಟೋಕ್ಕೆ ಮಗಳನ್ನು ನನ್ನ ಹತ್ತಿರವೇ ಕರೆತರುತ್ತಾರೆ.

ಈಗ ಲೆನ್ಸಿನ ವಿಷಯ. ಅಲ್ಲಿಯ ಕೃಷಿ ಇಲಾಖೆಯವರಿಗೆ ಹತ್ತಿ ಗಿಡದ ಹುಳುಗಳ ಫೋಟೋ ಬೇಕಾಗಿದೆ, ತೀರಾ ಹತ್ತಿರದಿಂದ ತೆಗೆಯಲು ಮ್ಯಾಕ್ರೋ ಲೆನ್ಸ್ ಕೊಳ್ಳಬೇಕು, ಐವತ್ತು ಮಿಲಿಮೀಟರಿನದೋ ನೂರರದೋ ಎಂದು ಬರೆದಿದ್ದೀರಿ. ಹುಳುವಿಗಾದರೆ ಯೋಚನೆಯೇ ಬೇಡ, ನೂರರದು. ಐವತ್ತರದರಲ್ಲಿ ಹುಳು ದೊಡ್ಡದಾಗಿ ಬರಬೇಕಾದರೆ ಅದರ ಮೂಗಿಗೆ ನಿಮ್ಮ ಮೂಗು ತಾಗಿಸಬೇಕು. ನಿಮ್ಮ ನೆರಳೇ ಬಿದ್ದು ಅದು ಹಾರಿಹೋಗುತ್ತದೆ. ನೂರರದು ಗೇಣು ದೂರದಿಂದಲೇ ಅಷ್ಟೇ ದೊಡ್ಡದಾಗಿ ಹಿಡಿಯುತ್ತದೆ. ತೂಕ ಸ್ವಲ್ಪ ಹೆಚ್ಚು, ಕೈ ಅಲುಗಬಾರದು. ಇರುವ ಲೆನ್ಸಿನ ಮುಂದೆ ತಿರುಪುವ ಕ್ಲೋಸಪ್ ಗಾಜಿನ ಸಹವಾಸ ಮಾಡಬೇಡಿ. ನಡುವೆ ಚೆನ್ನಾಗಿ ಕಂಡರೂ ಅಂಚೆಲ್ಲ ಮಬ್ಬಾಗುತ್ತದೆ.

ಆದರೆ ಕಾರ್ಡಿನ ಕೊನೆಗೆ ಒಂದು ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೀರಲ್ಲ, ಪೇಪರಿನ ನಾರು ಕಾಣದ ಹಾಗೆ ಯಾವುದರಲ್ಲಿ ಬರುತ್ತದೆ ಎಂದು? ಜಗಳೂರಿನ ಹುಳುಗಳು ಫೋಟೋ ಪೇಪರು ಹೊದ್ದುಕೊಂಡು ಓಡಾಡುತ್ತವೆಯೇ? ಹನ್ನೊಂದು ವರ್ಷ ನಿಮ್ಮ ಜೊತೆ ಡಾರ್ಕ್‌ರೂಮಿನಲ್ಲಿ ನಿಂತವಳು ನಾನು. ನನ್ನ ಕಿವಿಗೇ ಹೂವಿಡಲು ಬಂದಿರಾ? ನಿಮಗೆ ಬೇಕಾಗಿರುವುದು ಹುಳುವಲ್ಲ. ಗೋವಿನಕೋವಿಯ ಮದುವೆಯ ಗ್ರೂಪ್ ಫೋಟೋ ನಿಮ್ಮ ಪೆಟ್ಟಿಗೆಯಲ್ಲಿದೆ. ಅದರಲ್ಲಿ ನನ್ನ ತೊಡೆಯ ಮೇಲೆ ನಮ್ಮ ನೀಲಾಂಬಿಕೆ ಕೂತಿದ್ದಾಳೆ, ಮುಖ ತೊಗರಿಬೇಳೆಯಷ್ಟಿದೆ. ಅದನ್ನು ದೊಡ್ಡದು ಮಾಡಬೇಕು ನಿಮಗೆ.

ನಮ್ಮ ಮಗಳದೆಂದು ಇರುವುದು ಅದೊಂದೇ. ಊರ ಮಕ್ಕಳನ್ನೆಲ್ಲ ಮರದ ಕುದುರೆಯ ಮೇಲೆ ಕೂರಿಸಿ, ಗಿಲಕಿ ಆಡಿಸಿ ಫೋಟೋ ತೆಗೆದೆವು. ಮೂರು ತುಂಬುವ ಮೊದಲು ತೆಗೆದರೆ ಕೂಸಿನ ಆಯಸ್ಸು ಇಳಿಯುತ್ತದೆ ಎಂದರು ಅತ್ತೆಯವರು. ನೀವು ಹೂಂ ಅಂದಿರಿ, ನಾನೂ ಹೂಂ ಅಂದೆ. ಹತ್ತು ಜನರ ಗುಂಪಿನಲ್ಲಿ ಕೂತರೆ ದೋಷವಿಲ್ಲ ಎಂದು ಅವರೇ ಒಪ್ಪಿದ್ದರಿಂದ ಆ ಮದುವೆಯ ಫೋಟೋ ಆಯಿತು. ಮೂರು ತುಂಬಲು ಎರಡು ತಿಂಗಳಿದ್ದಾಗ ಜ್ವರ ಬಂತು. ನಾಲ್ಕೇ ದಿನ.

ಆ ದಿನದ ಮಾತನ್ನು ನಾವಿಬ್ಬರೂ ಇದುವರೆಗೆ ಎತ್ತಿಲ್ಲ. ಈಗ ನಾನೇ ಎತ್ತುತ್ತೇನೆ. ಕೂಸಿಗೆ ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಯಾರ ಮನೆಯಲ್ಲಿ ಸಾವಾದರೂ ಆ ಹೊತ್ತಿನ ಫೋಟೋಕ್ಕೆ ನಿಮ್ಮನ್ನೇ ಕರೆಯುತ್ತಿದ್ದರು. ನಮ್ಮ ಮನೆಗೆ ಬೇರೆ ಯಾರು ಬರಬೇಕು? ನನ್ನಪ್ಪ ಒಂದು ತೆಗೆದುಬಿಡಿ ಎಂದು ಹೇಳಿದರು, ನೀವು ಸ್ಟ್ಯಾಂಡ್ ಹಾಕಿದಿರಿ. ನಾನು ಎದ್ದು ಬಂದು ಲೆನ್ಸಿನ ಮೇಲೆ ಅಂಗೈ ಇಟ್ಟೆ.

"ಜೀವ ಇದ್ದಾಗ ತೆಗೀಲಿಲ್ಲ, ಈಗ್ಯಾಕೆ ತೆಗಿಯಾಕೆ ಬಂದ್ರಿ?" ಎಂದೆ.

ನೀವು ಸ್ಟ್ಯಾಂಡ್ ಮಡಚಿ ಒಳಗಿಟ್ಟಿರಿ. ಆಮೇಲಿನ ಎರಡು ವರ್ಷ ಒಂದೇ ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕು, ಅಷ್ಟೇ ಮಾತು. ಜಗಳೂರಿನಲ್ಲಿ ವ್ಯಾಪಾರ ಚೆನ್ನಾಗಿದೆ ಎಂದು ಹೊರಟಿರಿ, ನಾನು ಬುತ್ತಿ ಕಟ್ಟಿಕೊಟ್ಟೆ. ರೀ, ಆ ಮಾತನ್ನು ನಿಮ್ಮೊಬ್ಬರ ಮುಖಕ್ಕೆ ಎಸೆಯಬಾರದಿತ್ತು. ಹೂಂ ಅಂದವರಲ್ಲಿ ನಾನೂ ಇದ್ದೆ. ಅವತ್ತು ಕೈ ಅಡ್ಡ ಇಡದಿದ್ದರೆ ಇವತ್ತು ಕಣ್ಣು ಮುಚ್ಚಿದ ಮುಖವಾದರೂ ಇರುತ್ತಿತ್ತು. ತಪ್ಪಾಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮದುವೆಯ ಆ ನೆಗೆಟಿವ್ ಎಲ್ಲಿ ಎಂದು ನೀವು ಹುಡುಕಾಡಿದಾಗ, ಹೊಳೆನೀರು ಒಳಗೆ ಬಂದಾಗ ಹಾಳಾಯಿತು ಎಂದಿದ್ದೆ. ಸುಳ್ಳು. ಮಗು ಇರುವಾಗಲೇ, ಯುಗಾದಿಗೆ ಸುಣ್ಣ ಬಳಿಯುವ ಮುಂಚೆ, ಹಳೆಯ ನೆಗೆಟಿವ್‌ಗಳನ್ನೆಲ್ಲ ಮೂಟೆ ಕಟ್ಟಿ, ಫಿಲ್ಮಿನಿಂದ ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಹಾಕಿದ್ದೆ. ಪ್ರತಿ ವರ್ಷ ಹಾಕುತ್ತಿದ್ದೆವಲ್ಲ, ಹಾಗೆಯೇ. ಅದರೊಳಗೆ ಏನಿದೆ ಎಂದು ನೋಡಲಿಲ್ಲ.

ಈಗ ನಿಮಗೆ ನಿಜವಾಗಿ ಬೇಕಾದ ಲೆನ್ಸ್. ಫೋಟೋದಿಂದ ಫೋಟೋ ತೆಗೆಯಲು ಐವತ್ತರದೇ ಸರಿ. ಪ್ರಿಂಟು ಹಾರಿಹೋಗುವುದಿಲ್ಲ, ಎಷ್ಟು ಹತ್ತಿರ ಹೋದರೂ ನಡೆಯುತ್ತದೆ. ಮೂಲೆಯಿಂದ ಮೂಲೆಗೆ ಗೆರೆ ಬಾಗದ ಹಾಗೆ ಬರುತ್ತದೆ. ಎರಡೂ ಪಕ್ಕದಿಂದ ಸಮನಾಗಿ ದೀಪ ಬಿಟ್ಟರೆ ನಾರಿನ ನೆರಳು ಬೀಳುವುದಿಲ್ಲ. ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಾನು ಮಾಡಿ ನೋಡಿದ್ದೇನೆ. ಚನ್ನಗಿರಿಯ ತಿಪ್ಪೇರುದ್ರಸ್ವಾಮಿ ಮೇಷ್ಟ್ರು ತಾಳೆಗರಿಗಳನ್ನು ಫೋಟೋ ತೆಗೆಯುತ್ತಾರೆ, ಅವರ ಐವತ್ತರ ಲೆನ್ಸನ್ನು ಹೋದ ತಿಂಗಳು ಎರಡು ದಿನಕ್ಕೆ ಬೇಡಿ ತಂದೆ. ಗೋವಿನಕೋವಿಗೆ ಹೋಗಿ ಮದುವೆ ಮನೆಯವರ ಗೋಡೆಯಿಂದ ಅವರ ಫೋಟೋ ಇಳಿಸಿಕೊಂಡು ಬಂದೆ. ಮದುಮಗಳಾಗಿದ್ದ ಹೊನ್ನೂರಮ್ಮನಿಗೆ ಈಗ ಮೂರು ಮಕ್ಕಳು. ಯಾಕೆ ಎಂದು ಆಕೆ ಕೇಳಲಿಲ್ಲ, ಸೆರಗಿನಿಂದ ಗಾಜು ಒರೆಸಿ ಕೊಟ್ಟಳು.

ಮುಖ ಬಂತು. ಟ್ರೇಯಲ್ಲಿ ಮೊದಲು ಕೂದಲು ಮೂಡಿತು, ಆಮೇಲೆ ಕಣ್ಣು. ಹೆಬ್ಬೆಟ್ಟಿನಷ್ಟು ಮಾಡುವವರೆಗೂ ಅವಳೇ. ಅಂಗೈಯಷ್ಟು ಮಾಡಿದರೆ ಬರೀ ಚುಕ್ಕಿ. ಪ್ರಿಂಟಿನಲ್ಲಿ ಇದ್ದಷ್ಟನ್ನೇ ಲೆನ್ಸು ಕೊಡುತ್ತದೆ, ಇಲ್ಲದ್ದನ್ನು ಎಲ್ಲಿಂದ ತಂದೀತು? ಆದರೂ ಅಂಗೈಯಷ್ಟರದನ್ನೇ ಮುಂದಿಟ್ಟುಕೊಂಡು ಟಚಪ್‌ಗೆ ಕೂತೆ. ಕೆನ್ನೆಯ ಮೇಲೊಂದು ಕರಿ ಕಲೆ. ಬೂಷ್ಟು ಹಿಡಿದಿರಬೇಕು ಎಂದು ಬ್ಲೇಡಿನ ತುದಿಯಿಂದ ಕೆರೆದು, ಬಣ್ಣ ಕೂಡಿಸಿ, ಊದಿ, ದೂರ ಹಿಡಿದು ನೋಡಿದೆ. ಆಗ ಹೊಳೆಯಿತು. ಅದು ದೃಷ್ಟಿಬೊಟ್ಟು. ಮದುವೆಯ ದಿನ ಬೆಳಿಗ್ಗೆ ಕಾಡಿಗೆಯಲ್ಲಿ ನಾನೇ ಇಟ್ಟದ್ದು. ಯಾರ ಕಣ್ಣೂ ಬೀಳದಿರಲಿ ಎಂದು ಇಟ್ಟ ಬೊಟ್ಟನ್ನು ನನ್ನ ಕೈಯಾರೆ ಕೆರೆದು ಹಾಕಿದ್ದೆ. ಅವತ್ತು ಅಂಗಡಿ ಬಾಗಿಲು ಎಳೆದುಕೊಂಡು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಅವಳು ಹೋಗಿ ಐದು ವರ್ಷದ ಮೇಲೆ ಅತ್ತೆ.

ಮರುದಿನ ಹೆಬ್ಬೆಟ್ಟಿನಷ್ಟರದ್ದು ಇನ್ನೆರಡು ಪ್ರಿಂಟ್ ಹಾಕಿದೆ. ಬೊಟ್ಟು ಹಾಗೆಯೇ ಇದೆ, ಏನೂ ಮುಟ್ಟಿಲ್ಲ. ಒಂದು ನಿಮ್ಮದು. ಅಂಚೆಯಲ್ಲಿ ಹಾಕಲು ಮನಸ್ಸು ಬರಲಿಲ್ಲ, ಬಂದು ತೆಗೆದುಕೊಂಡು ಹೋಗಿ. ಲೆನ್ಸ್ ಕೊಳ್ಳಬೇಡಿ. ಹುಳುಗಳ ಕೆಲಸ ನಿಜವಾಗಿದ್ದರೆ ನೂರರದನ್ನು ಕೊಳ್ಳಿ. ಬಂದ ಮೇಲೆ ಇರುವುದೋ ಹೋಗುವುದೋ ನಿಮ್ಮ ಇಷ್ಟ, ನಾನು ಬೇಡ ಅನ್ನುವುದಿಲ್ಲ.

ನಿಮ್ಮ
ಕಸ್ತೂರಿ

ವಿ.ಸೂ.: ಇದನ್ನು ಬರೆಯಬಾರದೆಂದು ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ನಕ್ಕರೆ ಅವಳಿಗೆ ಒಂದೇ ಕೆನ್ನೆಗೆ ಗುಳಿ ಬೀಳುತ್ತಿತ್ತಲ್ಲ, ಅದು ಎಡಕ್ಕೋ ಬಲಕ್ಕೋ? ಫೋಟೋದಲ್ಲಿ ಅವಳು ನಕ್ಕಿಲ್ಲ. ನನಗೆ ನೆನಪಾಗುತ್ತಿಲ್ಲ. ಅತ್ತೆಯವರನ್ನು ಕೇಳಲು ನಾಚಿಕೆ, ಹೆತ್ತವಳು ಇದನ್ನು ಕೇಳಬಹುದೇ? ಕಾರ್ಡಿನಲ್ಲಿ ಬರೆಯಬೇಡಿ. ಬಂದು ನನ್ನ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸಿ.